ಅಜ್ಜಿಯ ಆನೆ, ಮೊಮ್ಮಗನ ಕಾಂಗರೂ

ಹೋದ ಡಿಸೆಂಬರಿನಲ್ಲಿ ಮಗಳು, ಅಳಿಯ, ಮೊಮ್ಮಗ ಮೂವರೂ ಆಸ್ಟ್ರೇಲಿಯಾದ ಪರ್ತ್‌ನಿಂದ ಬಂದಿದ್ದರು. ನಾರಾಯಣಗೂಡದ ನಮ್ಮ ಹಳೇ ಮನೆಯಲ್ಲಿ ಮೂರು ವಾರ ಗಲಾಟೆಯೋ ಗಲಾಟೆ. ಒಂದು ದಿನ ಕಾಫಿ ಕುಡಿಯುತ್ತಾ ಕೂತಿದ್ದಾಗ ಮಗಳು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಮುಂದಿಟ್ಟಳು. "ಅಪ್ಪಾ, ಇದು ನಿಮ್ಮ ಎಪ್ಪತ್ತಕ್ಕೆ. ಏರ್‌ಪೋರ್ಟಿನಲ್ಲಿ ಸುಂಕ ಕಟ್ಟಿಯೇ ತಂದಿದ್ದೀನಿ, ಹೆದರಬೇಡಿ" ಅಂದಳು. ಒಳಗೆ ಒಂದು ಚಿನ್ನದ ನಾಣ್ಯ. ಒಂದು ಔನ್ಸಿನ ಹತ್ತನೇ ಒಂದು ಭಾಗ, ಅಂದರೆ 3.11 ಗ್ರಾಂ. ಮೇಲೆ ನೆಗೆಯುವ ಕಾಂಗರೂ.

ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತು ಅಂದರೆ ನಾನೂ ಎದ್ದು ಹೋಗಿ ಬೀರುವಿನಿಂದ ನಮ್ಮ ಅಜ್ಜಿಯ ಆನೆ ಕಾಸನ್ನು ತಂದು ಅದರ ಪಕ್ಕದಲ್ಲಿಟ್ಟೆ. ಒಂಬತ್ತು ವರ್ಷದ ಮೊಮ್ಮಗ ಎರಡನ್ನೂ ನೋಡಿ, "ತಾತ, ನಿಮ್ಮ ಆನೆ ತುಂಬಾ ದಪ್ಪ" ಅಂದ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಪ್ಪಾ, ಇದನ್ನ ನಾನು ತಗೊಂಡು ಹೋಗಲಾ? ಇವನ ಹತ್ತಿರ ಇರಲಿ. ನಮ್ಮ ಕಡೆಯದು ಅಂತ ಏನಾದರೂ ಒಂದು ಬೇಡವಾ ಅವನಿಗೆ?"

ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಎರಡು ವಾರ ಹಿಡಿಯಿತು. ಈ ಬರಹ ಹುಟ್ಟಿದ್ದು ಆ ಎರಡು ವಾರದಲ್ಲಿ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಊರು ಟಿ. ನರಸೀಪುರದ ಕಡೆ, ತಲಕಾಡಿಗೆ ಬಹಳ ದೂರವೇನಲ್ಲ. ಅಜ್ಜಿಯ ಕೊರಳಲ್ಲಿ ಒಂದು ಕಾಸಿನ ಸರ ಇತ್ತು. ಅದರಲ್ಲಿ ಬೇರೆ ಬೇರೆ ಕಾಸುಗಳ ನಡುವೆ ಐದು ಆನೆಗಳು. ಅವು ಎಲ್ಲಿಂದ ಬಂದವು ಅಂತ ಕೇಳಿದರೆ "ನಮ್ಮತ್ತೆ ಹಾಕಿದ್ದು" ಅನ್ನುತ್ತಿದ್ದಳು, ಅಷ್ಟೇ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂತು. ನಾನು ಹೈದರಾಬಾದಿಗೆ ಬಂದದ್ದು 1977ರಲ್ಲಿ. 1986ರಲ್ಲಿ ಈ ಮನೆಗೆ ಮುಂಗಡ ಕೊಡಬೇಕಾಗಿ ಬಂದಾಗ ಕೈಯಲ್ಲಿ ದುಡ್ಡಿರಲಿಲ್ಲ. ಸರ ಬಿಚ್ಚಿ, ಚಾರ್‌ಮಿನಾರ್ ಕಡೆಯ ಒಂದು ಅಂಗಡಿಗೆ ನಾನೇ ಒಯ್ದೆ. ಆಗ 10 ಗ್ರಾಂ ಚಿನ್ನಕ್ಕೆ ಎರಡು ಸಾವಿರ ಚಿಲ್ಲರೆ ರೇಟು. ಅಂಗಡಿಯವನು ಒರೆಗಲ್ಲಿಗೆ ಉಜ್ಜಿ, "ಸೋನಾ ಅಚ್ಛಾ ಹೈ ಸಾಬ್" ಅಂದು, ನನ್ನ ಕಣ್ಣೆದುರೇ ಮೂಸೆಗೆ ಹಾಕಿದ. ನಾಲ್ಕು ಆನೆಗಳು ಎರಡು ನಿಮಿಷದಲ್ಲಿ ಒಂದು ಹಳದಿ ಹನಿಯಾದವು. ಮೂರು ಸಾವಿರ ಚಿಲ್ಲರೆ ಸಿಕ್ಕಿತು. ತೂಕದಲ್ಲಿ ಮೋಸ ಆಗಲಿಲ್ಲ ಅಂತ ಖುಷಿಯಾಗಿ ಮನೆಗೆ ಬಂದೆ. ಐದನೆಯದನ್ನು ಅಮ್ಮ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದರಿಂದ ಅದೊಂದು ಉಳಿಯಿತು.

ಆ ದಿನ ನಾನು ಕರಗಿಸಿದ್ದು ಏನನ್ನು ಅನ್ನುವುದು ಗೊತ್ತಾಗಲು ಇನ್ನೂ ಹದಿನೈದು ವರ್ಷ ಬೇಕಾಯಿತು.

ನಾಣ್ಯ ಸಂಗ್ರಹಿಸುವವರು ಇದನ್ನು 'ಗಜಪತಿ ಪಗೋಡ' ಅನ್ನುತ್ತಾರೆ. ಪಗೋಡ ಅನ್ನುವುದು ವರಹಕ್ಕೆ ಯುರೋಪಿನ ವ್ಯಾಪಾರಿಗಳು ಇಟ್ಟ ಹೆಸರು. ಗಾತ್ರದಲ್ಲಿ ಒಂದು ಅಂಗಿಯ ಗುಂಡಿಯಷ್ಟು, ಸುಮಾರು 13 ಮಿಲಿಮೀಟರ್ ಅಗಲ, ಆದರೆ ದಪ್ಪ. ತೂಕ ಸುಮಾರು 3.8ರಿಂದ 4 ಗ್ರಾಂ. ಒಂದು ಕಡೆ ಜೂಲು ಹೊದಿಸಿ ಸಿಂಗರಿಸಿದ ಆನೆ. ಇನ್ನೊಂದು ಕಡೆ ಸುರುಳಿ ಸುರುಳಿಯಾದ ಹೂಬಳ್ಳಿ. ಅಕ್ಷರ ಇಲ್ಲ, ರಾಜನ ಹೆಸರಿಲ್ಲ, ವರ್ಷವಿಲ್ಲ. ಆನೆಯೇ ರುಜು, ಆನೆಯೇ ಮೊಹರು.

ಯಾವ ರಾಜರದ್ದು? ಮಾರಾಟದ ಕೆಟಲಾಗುಗಳಲ್ಲಿ 'ತಲಕಾಡಿನ ಗಂಗರು, ಸುಮಾರು 1080ರಿಂದ 1138' ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಗಂಗರ ಲಾಂಛನ ಆನೆಯೇ, ಅದರಲ್ಲಿ ಅನುಮಾನವಿಲ್ಲ. ಅವರ ತಾಮ್ರಶಾಸನಗಳ ಮುದ್ರೆಯಲ್ಲೂ ಆನೆ ಇದೆ. ಅವರಿಗೆ ಆನೆಯ ಹುಚ್ಚು ಎಷ್ಟಿತ್ತೆಂದರೆ ಶ್ರೀಪುರುಷ ಗಜಶಾಸ್ತ್ರದ ಬಗ್ಗೆ ಗ್ರಂಥ ಬರೆದನಂತೆ, ಅವನ ಮಗ ಇಮ್ಮಡಿ ಶಿವಮಾರ ಕನ್ನಡದಲ್ಲಿ 'ಗಜಾಷ್ಟಕ' ಬರೆದನಂತೆ. ಆ ಗಜಾಷ್ಟಕ ಹೆಂಗಸರು ಭತ್ತ ಕುಟ್ಟುವಾಗ ಹಾಡುವ ಒನಕೆವಾಡೂ ಆಗಿತ್ತು ಅಂತ ಒಂದು ಶಾಸನ ಹೇಳುತ್ತದೆ. ಎರಡೂ ಕೃತಿಗಳು ಇಂದು ಸಿಗುವುದಿಲ್ಲ. (ನಮ್ಮ ಅಜ್ಜಿಯೂ ಒನಕೆ ಹಿಡಿದು ಹಾಡುತ್ತಿದ್ದಳು. ಕೊರಳಲ್ಲಿ ಐದು ಆನೆ ಕುಣಿಯುತ್ತಿದ್ದವು. ಅವಳಿಗೆ ಗಂಗರ ಹೆಸರೂ ಗೊತ್ತಿರಲಿಲ್ಲ.)

ಆದರೆ ಒಂದು ತೊಡಕಿದೆ ನೋಡಿ. ತಲಕಾಡು ಚೋಳರ ಕೈಗೆ ಹೋಗಿ ಗಂಗರ ಆಳ್ವಿಕೆ ಮುಗಿದದ್ದು 1004ರ ಸುಮಾರಿಗೆ. 1080ರಲ್ಲಿ ನಾಣ್ಯ ಹೊಡೆಸಲು ತಲಕಾಡಿನಲ್ಲಿ ಗಂಗರಾಜ ಎಲ್ಲಿದ್ದ? ಅಕ್ಷರವಿಲ್ಲದ ನಾಣ್ಯದ ಕಷ್ಟ ಇದು. ಲಾಂಛನ ನೋಡಿ ವಂಶ ಹೇಳುತ್ತಾರೆ, ಕಾಲ ನೋಡಿದರೆ ವಂಶ ಹೊಂದುವುದಿಲ್ಲ. ಕೆಟಲಾಗಿನಲ್ಲಿ ಅಚ್ಚಾದದ್ದೆಲ್ಲ ಇತಿಹಾಸವಲ್ಲ ಅಂತ ನಾನು ಕಲಿತದ್ದು ಇದರಿಂದಲೇ.

ಈ ಆನೆಯ ಖ್ಯಾತಿಗೆ ಒಂದು ಸಾಕ್ಷಿ ಸಿಗುವುದು ಎಲ್ಲಿ ಗೊತ್ತಾ? ಕಾಶ್ಮೀರದಲ್ಲಿ! ಕಲ್ಹಣ ಹನ್ನೆರಡನೆಯ ಶತಮಾನದಲ್ಲಿ ಬರೆದ 'ರಾಜತರಂಗಿಣಿ'ಯಲ್ಲಿ ಹರ್ಷ ಅನ್ನುವ ಕಾಶ್ಮೀರದ ರಾಜನ ಕಥೆ ಬರುತ್ತದೆ. ಆಳಿದ್ದು 1089ರಿಂದ 1101. ಅವನಿಗೆ ದಕ್ಷಿಣದ ಫ್ಯಾಷನ್ ಅಂದರೆ ಪ್ರಾಣ. ಕರ್ಣಾಟದ ನಾಣ್ಯದ ಮಾದರಿಯನ್ನೇ ತನ್ನ ರಾಜ್ಯದಲ್ಲಿ ಚಲಾವಣೆಗೆ ತಂದ ಅಂತ ಕಲ್ಹಣ ಬರೆಯುತ್ತಾನೆ. ಹರ್ಷನ ಹೆಸರಿರುವ ಆನೆಯ ಚಿತ್ರದ ನಾಣ್ಯಗಳೂ ಸಿಕ್ಕಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಿಂಗ್‌ಹ್ಯಾಮ್ ಎರಡನ್ನೂ ಜೋಡಿಸಿ ನೋಡಿದ. ಅಫ್ಜಲ್‌ಗಂಜ್‌ನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಹಿಮದ ನಾಡಿನ ರಾಜ ಕಾವೇರಿ ಸೀಮೆಯ ಆನೆಯನ್ನು ನೋಡಿ ಆಸೆಪಟ್ಟು ನಕಲು ಮಾಡಿಸಿದ. ನಾನು ಅದನ್ನು ಮೂರು ಸಾವಿರಕ್ಕೆ ಕರಗಿಸಿದೆ.

ಇರಲಿ, ಮುಂದೆ ಹೋಗೋಣ.

ಆನೆ ಒಂಟಿಯಲ್ಲ. ಕನ್ನಡ ನಾಡಿನ ಚಿನ್ನದ ಮೇಲೆ ಒಂದು ಪುಟ್ಟ ಮೃಗಾಲಯವೇ ಇದೆ. ಮೊದಲನೆಯದು ಹಂದಿ. ಬಾದಾಮಿ ಚಾಲುಕ್ಯರ ಲಾಂಛನ ವರಾಹ. 'ವರಹ' ಅನ್ನುವ ನಾಣ್ಯದ ಹೆಸರು ಬಂದದ್ದೇ ಅದರ ಮೇಲಿದ್ದ ವರಾಹದಿಂದ ಅಂತ ಹೇಳುತ್ತಾರೆ. ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ಇತ್ತ ಆಂಧ್ರದ ಕಡೆ ಬಂದು ವೆಂಗಿಯ ಪೂರ್ವ ಚಾಲುಕ್ಯ ವಂಶ ಸ್ಥಾಪಿಸಿದ. ಹಂದಿಯೂ ಜೊತೆಗೇ ಬಂತು! ಆ ವಂಶದ ಶಕ್ತಿವರ್ಮ ಮತ್ತು ರಾಜರಾಜ ನರೇಂದ್ರನ ಕಾಲದ, ಅಂದರೆ ಹನ್ನೊಂದನೆಯ ಶತಮಾನದ, ಅಗಲವಾದ ತೆಳು ಚಿನ್ನದ ನಾಣ್ಯಗಳ ಮಧ್ಯೆ ವರಾಹ ನಿಂತಿದೆ. ಅವು ಬರ್ಮಾದ ಅರಕಾನ್ ತೀರದಲ್ಲೂ ಸಯಾಮಿನಲ್ಲೂ ಸಿಕ್ಕಿವೆ. ಕನ್ನಡಿಗರು ಹೊಟ್ಟೆಪಾಡಿಗೆ ಊರು ಬಿಟ್ಟು ಹೋಗುವುದು ಈಚಿನ ಕಥೆ ಅಂದುಕೊಂಡಿದ್ದೆ. ನಮ್ಮ ಹಂದಿ ಸಾವಿರ ವರ್ಷ ಮೊದಲೇ ಸಮುದ್ರ ದಾಟಿತ್ತು.

ಎರಡನೆಯದು ಸಿಂಹ. ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಹೊಡೆಸಿದ ಚಿನ್ನದ ನಾಣ್ಯದಲ್ಲಿ ಒಂದು ಕಡೆ ಸಿಂಹ, ಇನ್ನೊಂದು ಕಡೆ ಕನ್ನಡ ಅಕ್ಷರದಲ್ಲಿ 'ಶ್ರೀ ತಳಕಾಡುಗೊಂಡ' ಅಂತ ಬಿರುದು. 'ಶ್ರೀ ನೊಣಂಬವಾಡಿಗೊಂಡ' ಅನ್ನುವುದು ಇನ್ನೊಂದು. ಇವತ್ತಿನ ಪೇಪರಿನ ಹೆಡ್‌ಲೈನ್ ಇದ್ದ ಹಾಗೆ. ಗೋವೆಯ ಕದಂಬರ ಗದ್ಯಾಣದ ಮೇಲೂ ಸಿಂಹ. ತುಳುನಾಡಿನ ಆಳುಪರು ಕಡಲ ಕಡೆಯವರು, ಅವರ ನಾಣ್ಯದಲ್ಲಿ ಜೋಡಿ ಮೀನು. ಕಡೆಗೆ ವಿಜಯನಗರದ ಅಚ್ಯುತದೇವರಾಯ (1529–1542) ಗಂಡಭೇರುಂಡವನ್ನೇ ತಂದ. ಎರಡು ತಲೆಯ ಹಕ್ಕಿ, ಕೊಕ್ಕಿನಲ್ಲೂ ಕಾಲಿನಲ್ಲೂ ಆನೆಗಳನ್ನು ಹಿಡಿದು ಹಾರುತ್ತಿದೆ. ಇದು ಯಾವ ಕಾಡಿನ ಪ್ರಾಣಿ ಅಂತ ಕೇಳಬೇಡಿ. ಇಂದಿಗೂ ಅದು ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ, ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೂ ನೋಡಿರುತ್ತೀರಿ.

ಬೇರೆಯವರೂ ಹಿಂದೆ ಬಿದ್ದಿರಲಿಲ್ಲ. ಚೋಳರ ಹುಲಿ ಇತ್ತು. ಅದಕ್ಕೂ ಬಹಳ ಹಿಂದೆ ಗುಪ್ತರ ಕುಮಾರಗುಪ್ತ ಕುದುರೆ ಏರಿ ಖಡ್ಗಮೃಗವನ್ನು ಕೊಲ್ಲುವ ಚಿತ್ರವಿರುವ ಚಿನ್ನದ ನಾಣ್ಯ ಹೊರಡಿಸಿದ್ದ. ತೆಲಂಗಾಣದ ಪೆದ್ದಬಂಕೂರಿನಲ್ಲಿ ಅಗೆದಾಗ ರಾಶಿ ರಾಶಿ ಸಿಕ್ಕ ಸಾತವಾಹನರ ಕಾಲದ ನಾಣ್ಯಗಳಲ್ಲೂ ಆನೆ ಇದೆ, ಆದರೆ ಅದು ಚಿನ್ನವಲ್ಲ.

ಯಾಕೆ ಪ್ರಾಣಿ? ನನಗೆ ತೋಚುವ ಕಾರಣ ಸರಳ. ಸಂತೆಯಲ್ಲಿ ಎಣ್ಣೆ ಮಾರುವವನಿಗೆ ಓದಲು ಬರುತ್ತಿರಲಿಲ್ಲ, ಆನೆ ಯಾವುದು ಹಂದಿ ಯಾವುದು ಅನ್ನುವುದು ಗೊತ್ತಿತ್ತು. ಭಾಷೆ ಗೊತ್ತಿಲ್ಲದ ಅರಬ್ ವ್ಯಾಪಾರಿಗೂ ಗೊತ್ತಿತ್ತು. 'ಇದು ಇಂಥ ನಾಡಿನ ಚಿನ್ನ, ಇಷ್ಟು ತೂಕ, ನಂಬಬಹುದು' ಅನ್ನುವ ಮಾತನ್ನು ಒಂದು ಪ್ರಾಣಿಯ ಬೆನ್ನ ಮೇಲೆ ಹೊರಿಸಿ ಕಳಿಸುತ್ತಿದ್ದರು.

ಆಮೇಲೆ ಏನಾಯಿತು? ಪ್ರಾಣಿಗಳು ನಿಧಾನವಾಗಿ ಚಿನ್ನದಿಂದ ಇಳಿದವು. ಟಿಪ್ಪುವಿನ ಕಾಲದಲ್ಲಿ ಆನೆ ತಾಮ್ರದ ಪೈಸೆಗೆ ಬಂತು. ಮದರಾಸು ಪ್ರಾಂತ್ಯದಲ್ಲಿ 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿ ವರಹದ ಲೆಕ್ಕವನ್ನೇ ಬಿಟ್ಟು ರೂಪಾಯಿಗೆ ಬದಲಾಯಿಸಿತು. ಒಂದು ವರಹಕ್ಕೆ ಮೂರೂವರೆ ರೂಪಾಯಿ ಅಂತ ಗೊತ್ತುಮಾಡಿದರು. 1835ರಲ್ಲಿ ಕಂಪನಿ ತನ್ನ ಚಿನ್ನದ ಮೊಹರಿನ ಮೇಲೆ ತಾಳೆಮರದ ಮುಂದೆ ನಿಂತ ಸಿಂಹವನ್ನು ಹಾಕಿತು. ಅಂದ ಹಾಗೆ, 1935ರಲ್ಲಿ ರಿಸರ್ವ್ ಬ್ಯಾಂಕ್ ಹುಟ್ಟಿದಾಗ ಅದರ ಮುದ್ರೆಗೆ ಇದೇ ಜೋಡಿ ಮೊಹರಿನ ಚಿತ್ರವನ್ನು ಆರಿಸಿಕೊಂಡರು. ಆದರೆ ಸಿಂಹಕ್ಕಿಂತ ಹುಲಿಯೇ ಈ ದೇಶಕ್ಕೆ ಹೆಚ್ಚು ತಕ್ಕದ್ದು ಅಂತ ಸಿಂಹ ತೆಗೆದು ಹುಲಿ ನಿಲ್ಲಿಸಿದರು. ನಿಮ್ಮ ಜೇಬಿನ ನೋಟು ತೆಗೆದು ನೋಡಿ, ಆ ಹುಲಿ ಇದೆ.

ನಮ್ಮ ಹೈದರಾಬಾದಿನ ನಿಜಾಮರ ಅಶ್ರಫಿಯಲ್ಲಿ ಪ್ರಾಣಿ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದ ಅದರ ಮೇಲೆ ಚಾರ್‌ಮಿನಾರ್ ಇದೆ. ಆ ನಾಣ್ಯ ಹೊಡೆದ ಸೈಫಾಬಾದಿನ ಟಂಕಸಾಲೆಯ ಹಳೇ ಕಟ್ಟಡದಲ್ಲಿ 2022ರಲ್ಲಿ ವಸ್ತುಸಂಗ್ರಹಾಲಯ ತೆರೆದಿದ್ದಾರೆ.

ಈಗ ಮೊಮ್ಮಗನ ಕಾಂಗರೂ ಕಥೆ.

ಚಿನ್ನವನ್ನು ಚಲಾವಣೆಯ ದುಡ್ಡಾಗಿ ಬಳಸುವುದನ್ನು ಪ್ರಪಂಚವೇ ಬಿಟ್ಟ ಮೇಲೆ, ಕೂಡಿಡುವವರಿಗಾಗಿಯೇ ಚಿನ್ನದ ನಾಣ್ಯ ಮಾಡುವ ಹೊಸ ವ್ಯಾಪಾರ ಶುರುವಾಯಿತು. 1967ರಲ್ಲಿ ದಕ್ಷಿಣ ಆಫ್ರಿಕಾ ತನ್ನ ಗಣಿಗಳ ಚಿನ್ನ ಮಾರಲು ಕ್ರೂಗರ್‌ರಾಂಡ್ ತಂದಿತು. ಹಿಂಬದಿಯಲ್ಲಿ ಸ್ಪ್ರಿಂಗ್‌ಬಾಕ್ ಅನ್ನುವ ಅಲ್ಲಿಯ ಜಿಂಕೆಯಂಥ ಪ್ರಾಣಿ. ವರ್ಣಭೇದ ನೀತಿಯ ಕಾರಣಕ್ಕೆ 1985ರಲ್ಲಿ ಅಮೆರಿಕ ಅದರ ಆಮದು ನಿಷೇಧಿಸಿತು. ಚೀನಾ 1982ರಲ್ಲಿ ಪಾಂಡಾ ತಂದು ಒಂದು ಉಪಾಯ ಮಾಡಿತು. ಪ್ರತಿ ವರ್ಷ ಪಾಂಡಾದ ಚಿತ್ರ ಬದಲಾಯಿಸುವುದು. ಒಂದು ವರ್ಷ ಬಿದಿರು ತಿನ್ನುತ್ತಿದ್ದರೆ ಇನ್ನೊಂದು ವರ್ಷ ಮರಿಯ ಜೊತೆ. ಒಂದಿದ್ದವನಿಗೆ ಎಲ್ಲವೂ ಬೇಕು ಅನ್ನಿಸುತ್ತದೆ. 2001ರ ಚಿತ್ರವನ್ನೇ 2002ರಲ್ಲೂ ಉಳಿಸಿದಾಗ ಸಂಗ್ರಾಹಕರು ಎಷ್ಟು ಗಲಾಟೆ ಮಾಡಿದರೆಂದರೆ 2003ರಿಂದ ಮತ್ತೆ ಬದಲಾಯಿಸಲು ಶುರುಮಾಡಿದರು.

ಪರ್ತ್ ಟಂಕಸಾಲೆ 1899ರಲ್ಲಿ ತೆರೆದದ್ದು. ಅಲ್ಲಿಯ ಚಿನ್ನದ ನಾಣ್ಯದ ಸರಣಿ 1986ರಲ್ಲಿ ಶುರುವಾಯಿತು. ಗಮನಿಸಿ, ನಾನು ಆನೆ ಕರಗಿಸಿದ ವರ್ಷವೇ! ಮೊದಲು ಅದರ ಮೇಲೆ ಆಸ್ಟ್ರೇಲಿಯಾದಲ್ಲಿ ಸಿಕ್ಕ ಚಿನ್ನದ ಗಟ್ಟಿಗಳ ಚಿತ್ರ ಇತ್ತು. 1989ರಿಂದ ಕಾಂಗರೂ ಬಂತು. ಆ ಚಿತ್ರವೂ ವರ್ಷ ವರ್ಷ ಬದಲಾಗುತ್ತದೆ. 2011ರಲ್ಲಿ ಅವರು ಒಂದು ಟನ್ ತೂಕದ, 80 ಸೆಂಟಿಮೀಟರ್ ಅಗಲದ ಚಿನ್ನದ ಕಾಂಗರೂ ನಾಣ್ಯ ಮಾಡಿ ಪ್ರಪಂಚವೇ ತಿರುಗಿ ನೋಡುವ ಹಾಗೆ ಮಾಡಿದರು. ಮೊಮ್ಮಗ ಅದನ್ನು ನೋಡಿದ್ದಾನಂತೆ. "ನಿಮ್ಮ ಆನೆಗಿಂತ ದೊಡ್ಡದು ತಾತ" ಅಂದ.

ಜನ ಇದನ್ನು ಯಾಕೆ ಕೊಳ್ಳುತ್ತಾರೆ? ಲೆಕ್ಕ ಹೀಗಿದೆ. ಚಿನ್ನದ ಬೆಲೆ ಬಿದ್ದರೂ ನಾಣ್ಯದೊಳಗಿನ ಲೋಹ ಎಲ್ಲಿಗೂ ಹೋಗುವುದಿಲ್ಲ. ಅದರ ಮೇಲೆ ಚಿತ್ರಕ್ಕೆ, ವರ್ಷಕ್ಕೆ, ಎಷ್ಟು ಹೊಡೆದಿದ್ದಾರೆ ಅನ್ನುವ ಸಂಖ್ಯೆಗೆ ಒಂದಿಷ್ಟು ಹೆಚ್ಚು ಬೆಲೆ. ನಾಣ್ಯ ಚಿಕ್ಕದಾದಷ್ಟೂ ಈ ಹೆಚ್ಚಳ ತೂಕಕ್ಕೆ ಹೋಲಿಸಿದರೆ ಜಾಸ್ತಿ. ಸಾಮಾನ್ಯ ವರ್ಷದ ನಾಣ್ಯ ಮಾರಲು ಹೋದರೆ ಆ ಹೆಚ್ಚಳದಲ್ಲಿ ಬಹುಪಾಲು ಕೈಬಿಡುತ್ತದೆ, ಅಪರೂಪದ ವರ್ಷವಾದರೆ ಬೆಳೆಯುತ್ತದೆ. ಜೊತೆಗೆ ಮನಸ್ಸಿನ ಲೆಕ್ಕವೂ ಒಂದಿದೆ. ರಾಜನ ಮುಖ ಬೇರೆ ದೇಶದವನಿಗೆ ಬೇಡ. ಪಾಂಡಾ, ಕಾಂಗರೂ ಯಾರಿಗೆ ಬೇಡ? ಆದ್ದರಿಂದಲೇ 1974ರಿಂದ ಹಲವು ದೇಶಗಳು ವನ್ಯಜೀವಿ ರಕ್ಷಣೆಯ ಹೆಸರಿನಲ್ಲಿ ಸಂಗ್ರಾಹಕರ ನಾಣ್ಯ ಹೊರಡಿಸಿದವು. ಪಕ್ಕದ ನೇಪಾಳದ ಸಾವಿರ ರೂಪಾಯಿಯ ಚಿನ್ನದ ನಾಣ್ಯದ ಮೇಲೆ ಖಡ್ಗಮೃಗ ಬಂತು. ಕುಮಾರಗುಪ್ತನ ನಾಣ್ಯದಲ್ಲಿ ಕತ್ತಿಗೆ ಸಿಕ್ಕ ಪ್ರಾಣಿ ಇಲ್ಲಿ ಕಾಪಾಡಿ ಅನ್ನುತ್ತಾ ನಿಂತಿತ್ತು.

ನಾವೇನು ಮಾಡಿದೆವು? 2015ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಭಾರತೀಯ ಚಿನ್ನದ ನಾಣ್ಯ ಹೊರತಂದಾಗ ಅದರ ಮೇಲೆ ಅಶೋಕಚಕ್ರ ಮತ್ತು ಗಾಂಧೀಜಿ ಇದ್ದರು. ಗೌರವದ ಚಿತ್ರಗಳೇ, ತಕರಾರಿಲ್ಲ. ಆದರೂ ನನಗೊಂದು ಆಸೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. 1956ರವರೆಗೆ ಆ ಹಟ್ಟಿ ನಮ್ಮ ಈ ಹೈದರಾಬಾದಿನದ್ದೇ. ದೇಶದಲ್ಲಿ ಅತಿ ಹೆಚ್ಚು ಆನೆಗಳಿರುವುದು ಕರ್ನಾಟಕದಲ್ಲಿ, 2023ರ ಗಣತಿಯಲ್ಲಿ 6,395. ಹಟ್ಟಿಯ ಚಿನ್ನದ ಮೇಲೆ ಕಬಿನಿಯ ಆನೆಯನ್ನು ನಿಲ್ಲಿಸಿದರೆ ಹೇಗಿರುತ್ತದೆ ಹೇಳಿ? ಪರ್ತ್‌ನವರು ಮೂವತ್ತು ಚಿಲ್ಲರೆ ವರ್ಷದಿಂದ ಮಾಡುತ್ತಿರುವುದನ್ನು ನಮ್ಮವರು ಒಂಬೈನೂರು ವರ್ಷದ ಹಿಂದೆಯೇ ಮಾಡಿದ್ದರಲ್ಲ!

ಮಗಳ ಪ್ರಶ್ನೆಗೆ ಬರುತ್ತೇನೆ. ನನಗೆ ಕೊಡುವ ಮನಸ್ಸಿತ್ತು. ನನ್ನ ನಂತರ ಈ ಊರಿನಲ್ಲಿ ಅದನ್ನು ನೋಡುವವರು ಯಾರಿದ್ದಾರೆ? ಆದರೆ 1972ರ ಪುರಾತನ ವಸ್ತುಗಳ ಕಾಯ್ದೆ ಓದಿದೆ. ನೂರು ವರ್ಷಕ್ಕಿಂತ ಹಳೆಯ ನಾಣ್ಯ ಪುರಾತನ ವಸ್ತು. ವಂಶದಿಂದ ಬಂದದ್ದನ್ನು ಮನೆಯಲ್ಲಿಟ್ಟುಕೊಳ್ಳಬಹುದು, ಆದರೆ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಒಯ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಕಾಂಗರೂ ಸುಂಕ ಕಟ್ಟಿ ಒಳಗೆ ಬರಬಹುದು, ಆನೆ ಹೊರಗೆ ಹೋಗುವಂತಿಲ್ಲ.

ಮಗಳಿಗೆ ಬೇಸರವಾಯಿತು. "ಒಂದು ಗುಂಡಿಯಷ್ಟಿದೆ ಅಪ್ಪಾ, ಯಾರು ನೋಡ್ತಾರೆ?" ಅಂದಳು. ನಾನು 1986ರ ಮೂಸೆಯ ಕಥೆ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ನನ್ನವಳಿಗೂ. "ನಾಲ್ಕನ್ನು ನಾನು ಕಳೆದೆ. ಐದನೆಯದನ್ನು ಕದ್ದು ಕಳಿಸಿದೆ ಅಂತ ಆಗಬಾರದು ಕಣೇ" ಅಂದೆ. ಅವಳು ಮತ್ತೆ ಕೇಳಲಿಲ್ಲ.

ಹೊರಡುವ ಹಿಂದಿನ ರಾತ್ರಿ ಮೊಮ್ಮಗ ತೆಳು ಕಾಗದ, ಪೆನ್ಸಿಲ್ ತಂದ. ಆನೆಯ ಮೇಲೆ ಕಾಗದವಿಟ್ಟು ನಿಧಾನವಾಗಿ ಉಜ್ಜಿದ. ಮೊದಲು ಬೆನ್ನು ಮೂಡಿತು, ಆಮೇಲೆ ಸೊಂಡಿಲು, ಕಡೆಗೆ ಮೇಲೆ ಬೆಸೆದಿದ್ದ ಕುಣಿಕೆ. ಆ ಕಾಗದವನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು ಹೋದ.

ಆನೆ ಈಗಲೂ ನಾರಾಯಣಗೂಡದಲ್ಲೇ ಇದೆ. ಮಗಳ ಹೆಸರಿಗೆ ಉಯಿಲು ಬರೆದಿದ್ದೇನೆ. ಅವಳು ನೋಡಬೇಕಾದರೆ ಬರಬೇಕು. ಬರಲಿ, ಅದೂ ಒಳ್ಳೆಯದೇ.

ನಿಮ್ಮ ಮನೆಯಲ್ಲೂ ಅಜ್ಜಿಯ ಕಾಸಿನ ಸರ ಇದ್ದರೆ ಒಂದು ಮಾತು. ಕರಗಿಸುವ ಮೊದಲು ಒಂದೊಂದು ಕಾಸನ್ನೂ ಬೆಳಕಿಗೆ ಹಿಡಿದು ನೋಡಿ. ತೂಕ ಬರೆದಿಡಿ, ಎರಡೂ ಬದಿಯ ಫೋಟೋ ತೆಗೆಯಿರಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಬೆಸೆದ ಕುಣಿಕೆಯಿಂದ ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಕಡಿಮೆಯಾಗುವುದು ನಿಜ, ಹಾಗಂತ ಅದನ್ನು ಕೀಳಲು ಹೋಗಿ ನಾಣ್ಯವನ್ನೇ ಗಾಯ ಮಾಡಬೇಡಿ. ನಕಲಿಗಳೂ ಬೇಕಾದಷ್ಟಿವೆ, ಬಲ್ಲವರಿಗೆ ತೋರಿಸಿ. ನೆಲದಲ್ಲಿ ಸಿಕ್ಕಿದ್ದಾದರೆ ವಿಷಯ ಬೇರೆ. 1878ರ ನಿಧಿ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು.

ಚಿನ್ನದ ರೇಟು ನಾಳೆಯೂ ಇರುತ್ತದೆ. ಮೂಸೆಗೆ ಹೋದ ಆನೆ ಮಾತ್ರ ತಿರುಗಿ ಬರುವುದಿಲ್ಲ. ಇದನ್ನು ಹೇಳುತ್ತಿರುವವನು ನಾಲ್ಕು ಕಳೆದುಕೊಂಡವನು.